ಎಷ್ಟು ನಿಧಾನ ಹೋಗುತ್ತೆ?

ನನ್ನ ಮೋಟೋಕ್ರಾಸ್ ಬೈಕನ್ನು ಪಿಕಪ್ಪಿಗೆ ಹೇರಿಕೊಂಡು ಶಿವಮೊಗ್ಗದಿಂದ ಹೊಸನಗರದ ಕಡೆ ಹೊರಟರೆ ಆಯನೂರಿನಲ್ಲೋ ರಿಪ್ಪನ್‌ಪೇಟೆಯಲ್ಲೋ ಟೀಗೆ ನಿಲ್ಲಿಸುವುದು ರೂಢಿ. ನಿಲ್ಲಿಸಿದ ಕೂಡಲೇ ಹುಡುಗರು ಸುತ್ತ ಸೇರುತ್ತಾರೆ. ನಂಬರ್ ಪ್ಲೇಟಿಲ್ಲ, ಹೆಡ್‌ಲೈಟಿಲ್ಲ, ಇಂಡಿಕೇಟರಿಲ್ಲ, ಸೈಡ್ ಸ್ಟ್ಯಾಂಡೂ ಇಲ್ಲ. ಸೀಟು ನೋಡಿದರೆ ಸೊಂಟದ ಮಟ್ಟಕ್ಕಿದೆ. ಇಂಥ ಗಾಡಿ ಕಂಡರೆ ಯಾರಿಗಾದರೂ ಕುತೂಹಲವೇ. ಅವರ ಮೊದಲ ಪ್ರಶ್ನೆ ಯಾವತ್ತೂ ಒಂದೇ: "ಅಣ್ಣಾ, ಎಷ್ಟು ಹೋಗುತ್ತೆ?" ಸ್ವಲ್ಪ ವಯಸ್ಸಾದವರು "ಎಷ್ಟು ಕೊಡುತ್ತೆ?" ಅಂತ ಮೈಲೇಜು ಕೇಳುತ್ತಾರೆ. ಎರಡಕ್ಕೂ ಗೊತ್ತಿದ್ದಷ್ಟು ಉತ್ತರ ಕೊಡುತ್ತೇನೆ. ಆದರೆ ಈ ಬೈಕನ್ನು ಕಾಡುದಾರಿಗೆ ಒಗ್ಗಿಸಲು ಹೊರಟಾಗಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇವೆರಡೂ ಅಲ್ಲ. ಕ್ಲಚ್ ಒತ್ತದೆ, ಎಂಜಿನ್ ಆಫ್ ಆಗದೆ, ಹಿಂದಿನ ಚಕ್ರ ಮಣ್ಣು ಕೆದರದೆ ಇದು ಎಷ್ಟು ನಿಧಾನ ಹೋಗುತ್ತೆ? ಅದನ್ನು ಮಾತ್ರ ಯಾರೂ ಕೇಳಿಲ್ಲ.

ಮೋಟೋಕ್ರಾಸ್ ಬೈಕು ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಅರ್ಧ ಗಂಟೆಯ ಆಸುಪಾಸು ನಡೆಯುವ ಒಂದು ರೇಸಿಗಾಗಿ ಹುಟ್ಟಿದ ಯಂತ್ರ. ಗೇಟು ಬಿದ್ದ ತಕ್ಷಣ ಮೊದಲ ತಿರುವಿಗೆ ಮುಂದಾಗಿ ತಲುಪಬೇಕು, ಗುಡ್ಡೆ ಹಾಕಿದ ಮಣ್ಣಿನ ಮೇಲಿಂದ ಹಾರಿ ಆಳೆತ್ತರದಿಂದ ನೆಲಕ್ಕೆ ಬಿದ್ದರೂ ಮುರಿಯಬಾರದು. ಸಸ್ಪೆನ್ಶನ್ ಗಟ್ಟಿ ಇರುವುದು ಅದಕ್ಕೆ. ಗೇರುಗಳು ಒಂದಕ್ಕೊಂದು ಹತ್ತಿರ ಇರುವುದು, ಫ್ಲೈವೀಲ್ (ಎಂಜಿನ್ನಿನ ಓಟವನ್ನು ಹಿಡಿದಿಡುವ ತೂಕದ ಚಕ್ರ) ಹಗುರ ಇರುವುದು, ಪೆಟ್ರೋಲ್ ಟ್ಯಾಂಕು ಆರೇಳು ಲೀಟರಿಗೆ ಮುಗಿಯುವುದು, ರೇಡಿಯೇಟರಿಗೆ ಫ್ಯಾನ್ ಇಲ್ಲದಿರುವುದು, ಎಲ್ಲಕ್ಕೂ ಟ್ರ್ಯಾಕಿನಲ್ಲಿ ಒಂದೊಂದು ಒಳ್ಳೆಯ ಕಾರಣವಿದೆ. ಕಾಡಿಗೆ ಬಂದರೆ ಆ ಒಳ್ಳೆಯ ಕಾರಣಗಳೆಲ್ಲ ಒಟ್ಟಿಗೆ ತಿರುಗಿ ನಿಲ್ಲುತ್ತವೆ. ಬೈಕು ಕೆಟ್ಟದ್ದಲ್ಲ, ಅದನ್ನು ಮಾಡಿದವರ ಕಣ್ಣೆದುರು ಇದ್ದ ನೆಲ ಬೇರೆ. ಆದ್ದರಿಂದ ಈ ಪರಿವರ್ತನೆಯನ್ನು ಬೈಕಿಗೆ ಏನೇನು ಸೇರಿಸಬೇಕು ಅನ್ನುವ ಪಟ್ಟಿಯಾಗಿ ನೋಡುವುದನ್ನು ನಾನು ಬಿಟ್ಟಿದ್ದೇನೆ. ಇದರಲ್ಲಿ ಬಹುಪಾಲು ಕೆಲಸ ಯಂತ್ರದ ಅವಸರವನ್ನು ಒಂದೊಂದೇ ಕಡೆಯಿಂದ ಕಳೆಯುವುದು.

ಹಳ್ಳದಾಚೆಯ ಏರು

ನನ್ನ ಭಾವನ ತೋಟ ಹೊಸನಗರ ತಾಲ್ಲೂಕಿನಲ್ಲಿ, ಮಳೆಗೆ ಹೆಸರಾದ ಹುಲಿಕಲ್, ಮಾಸ್ತಿಕಟ್ಟೆಗಳ ಸೀಮೆಯಲ್ಲಿದೆ. ಕೆಳಗೆ ಅಡಿಕೆ, ತೋಟದ ಅಂಚಿಗೆ ಹಳ್ಳ, ಹಳ್ಳ ದಾಟಲು ಒಂದು ಸಂಕ, ಅದರಾಚೆ ಅವರ ಖಾತೆಯದೇ ಜಾಗದಲ್ಲಿ ಗುಡ್ಡ ಹತ್ತುವ ಕಾಲುದಾರಿ. ಒಂದು ಪಕ್ಕ ದರೆ, ಅಂದರೆ ಕಡಿದ ಮಣ್ಣಿನ ಗೋಡೆ, ಇನ್ನೊಂದು ಪಕ್ಕ ಹಳೆಯ ಅಗಳು, ಅಂದರೆ ಕಂದಕ. ನಡುವೆ ಬೇರು, ಉರುಟು ಕಲ್ಲು, ಅಲ್ಲಲ್ಲಿ ಜಂಬಿಟ್ಟಿಗೆಯ ಚೂಪು ಮೂಲೆ. ಬೈಕು ಬಂದ ಹೊಸದರಲ್ಲಿ, ಇನ್ನೂ ಏನೂ ಬದಲಾಯಿಸದೆ, ಟ್ರ್ಯಾಕಿನಲ್ಲಿ ಇದ್ದ ಹಾಗೇ ಆ ಏರಿಗೆ ಹಾಕಿದ್ದೆವು.

ಫಸ್ಟ್ ಗೇರಿನಲ್ಲೇ ಅದು ನಡೆಯುವವನಿಗಿಂತ ಬಹಳ ಜೋರಾಗಿ ಹೋಗಬೇಕೆನ್ನುತ್ತಿತ್ತು. ಬೇರು ಸಿಕ್ಕಿದಲ್ಲಿ ಥ್ರಾಟಲ್ ಇಳಿಸಿದರೆ ಎಂಜಿನ್ ಟಪ್ ಅಂತ ನಿಲ್ಲುತ್ತಿತ್ತು, ಏರಿಸಿದರೆ ಹಿಂದಿನ ಚಕ್ರ ಗಿರ್ರನೆ ತಿರುಗಿ ಅಡ್ಡಕ್ಕೆ ಜಾರುತ್ತಿತ್ತು. ಇವೆರಡರ ನಡುವೆ ಬದುಕಬೇಕಾದರೆ ಕ್ಲಚ್ಚನ್ನು ಅರ್ಧ ಹಿಡಿದೇ ಇರಬೇಕು. ಕಿಕ್ ಸ್ಟಾರ್ಟಿನ ಗಾಡಿ, ಇಳಿಜಾರಿನಲ್ಲಿ ಒಂದು ಕಾಲು ನೆಲಕ್ಕೆ ಎಟುಕುವುದಿಲ್ಲ. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ರೇಡಿಯೇಟರಿನ ಓವರ್‌ಫ್ಲೋ ಪೈಪಿನಿಂದ ಕೂಲೆಂಟ್ ಕುದಿದು ಬುಸ್ಸೆಂದು ಹೊರಗೆ ಬಂತು. ಭಾವ ದರೆಗೆ ಒರಗಿ ನಿಂತು ನೋಡುತ್ತಿದ್ದವರು, "ಸ್ವಲ್ಪ ತಣೀಲಿ ಬಿಡಿ ಭಾವ" ಅಂದರು.

ನಾವು ಹಾಗೆ ಕಾಯುತ್ತಿರುವಾಗಲೇ ತೋಟದ ಕೆಲಸದವನೊಬ್ಬ ಹಳೆಯ ಟಿವಿಎಸ್ ಎಕ್ಸೆಲ್‌ನಲ್ಲಿ ಸಂಕ ದಾಟಿ ಬಂದ. ಮುಂದೆ ಗೊಬ್ಬರದ ಚೀಲ, ಹಿಂದೆ ಹಗ್ಗ, ಕತ್ತಿ. ನಮ್ಮ ಪಕ್ಕದಲ್ಲೇ ಎಕ್ಸೆಲ್ಲು ಒಂದೇ ಲಯದಲ್ಲಿ ಬೇರು ಹತ್ತಿ, ಕಲ್ಲು ಇಳಿದು, ಎಲ್ಲಿಯೂ ನಿಲ್ಲದೆ ಮೇಲೆ ಹೋಯಿತು. ಕಡಿದಾದ ಕಡೆ ಅವನು ಎರಡೂ ಕಾಲು ನೆಲಕ್ಕೆ ಕೊಟ್ಟು ಸ್ವಲ್ಪ ಒತ್ತಿದ, ಅಷ್ಟೇ. ಎಪ್ಪತ್ತು ಸಿಸಿಯ ಗಾಡಿ. ಆ ದೃಶ್ಯ ನನ್ನನ್ನು ಬಹಳ ದಿನ ಬಿಡಲಿಲ್ಲ. ಮನೆಗೆ ಬಂದು ಕೂತು ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎಕ್ಸೆಲ್ಲಿನಲ್ಲಿರುವುದು ಸೆಂಟ್ರಿಫ್ಯೂಗಲ್ ಕ್ಲಚ್. ಎಂಜಿನ್ ನಿಧಾನವಾದಾಗ ತಾನಾಗಿಯೇ ಬಿಡುತ್ತದೆ, ಜೋರಾದಾಗ ತಾನಾಗಿಯೇ ಹಿಡಿಯುತ್ತದೆ. ಹಾಗಾಗಿ ಚಕ್ರ ಕಲ್ಲಿಗೆ ತಗುಲಿ ನಿಂತರೂ ಎಂಜಿನ್ ನಿಲ್ಲುವುದಿಲ್ಲ. ಹೊರದೇಶಗಳ ಎಂಡ್ಯೂರೋ (ಕಾಡುದಾರಿಯ ದೂರದ ರೇಸು) ಸವಾರರು ಬಹಳ ದುಡ್ಡು ಕೊಟ್ಟು ರೆಕ್ಲೂಸ್ ಅನ್ನುವ ಆಟೋಮ್ಯಾಟಿಕ್ ಕ್ಲಚ್ ಹಾಕಿಸಿಕೊಳ್ಳುತ್ತಾರಲ್ಲ, ಅದರ ಮೂಲತತ್ತ್ವವೂ ಇದೇ. ಮಲೆನಾಡಿನ ತೋಟದ ದಾರಿಗಳಲ್ಲಿ ದಶಕಗಳಿಂದ ಓಡುತ್ತಿರುವ ಒಂದು ಸಣ್ಣ ಗಾಡಿ ಕಾಡುಸವಾರಿಯ ಮುಖ್ಯ ಸಮಸ್ಯೆಯನ್ನು ಆಗಲೇ ಪರಿಹರಿಸಿಕೊಂಡು ಕೂತಿದೆ. ನಮ್ಮ ಬೈಕಿಗೆ ಏನು ಬೇಕು ಅನ್ನುವುದು ನನಗೆ ಸ್ಪಷ್ಟವಾಗಿದ್ದು ಆ ಎಕ್ಸೆಲ್ ನೋಡಿದ ಮೇಲೆ.

ಹಲ್ಲಿನ ಲೆಕ್ಕ

ಮೊದಲು ಮುಟ್ಟಿದ್ದು ಸ್ಪ್ರಾಕೆಟ್, ಅಂದರೆ ಚೈನು ಓಡುವ ಹಲ್ಲಿನ ಚಕ್ರ. ಮುಂದೆ 13 ಹಲ್ಲು, ಹಿಂದೆ 50 ಇತ್ತು. ಭಾಗಿಸಿದರೆ 3.85ರ ಹತ್ತಿರ. ಮುಂದಿನದರಲ್ಲಿ ಒಂದೇ ಹಲ್ಲು ಇಳಿಸಿ 12 ಮಾಡಿದರೆ 4.17ಕ್ಕೆ ಹೋಗುತ್ತದೆ; ಈ ಅಂಕಿ ಏರಿದಷ್ಟೂ ಅದೇ ಎಂಜಿನ್ ಓಟಕ್ಕೆ ಚಕ್ರ ನಿಧಾನ ತಿರುಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬದಲಾವಣೆ ಹಿಂದಿನದರಿಂದ ಬೇಕೆಂದರೆ ನಾಲ್ಕು ಹಲ್ಲು ಏರಿಸಿ 54 ಮಾಡಬೇಕು. ಮುಂದಿನದು ಬದಲಾಯಿಸುವುದು ಅಗ್ಗ, ಒಂದು ಸಂಜೆಯ ಕೆಲಸ. ಆದರೆ ಸಣ್ಣ ಸ್ಪ್ರಾಕೆಟ್ಟಿನ ಸುತ್ತ ಚೈನು ಹೆಚ್ಚು ಬಾಗಬೇಕಾಗುತ್ತದೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮಿನ ಮೇಲಿರುವ ಚೈನ್ ಸ್ಲೈಡರ್ ಬೇಗ ಸವೆಯುತ್ತದೆ. ಹಿಂದಿನದು ಏರಿಸಿದರೆ ಚೈನಿಗೆ ಕೊಂಡಿ ಸೇರಿಸಬೇಕು, ಸ್ಪ್ರಾಕೆಟ್ಟೂ ನೆಲಕ್ಕೆ ಅಷ್ಟು ಹತ್ತಿರ ಬರುತ್ತದೆ, ಕಲ್ಲಿಗೆ ಬಡಿಯುವ ಭಯ. ನಾನು ಮುಂದಿನದನ್ನೇ ಇಳಿಸಿದೆ. ಮೇಲಿನ ವೇಗ ಹೋಯಿತು. ಆ ವೇಗ ನಮಗೆ ಎಲ್ಲಿಯೂ ಬೇಕಿರಲಿಲ್ಲ.

ಈ ಒಂದು ಹಲ್ಲು ಮಾಡಿದ ಕೆಲಸ ದೊಡ್ಡದು. ಅದೇ ಏರಿನಲ್ಲಿ ಕ್ಲಚ್ ಹಿಡಿಯುವುದು ಅರ್ಧಕ್ಕಿಂತ ಕಡಿಮೆಯಾಯಿತು. ಕ್ಲಚ್ ಜಾರುವುದು ಕಡಿಮೆಯಾದ ಕೂಡಲೇ ಎಂಜಿನ್ನಿಗೆ ಬೀಳುವ ಬಿಸಿಯೂ ಇಳಿಯಿತು, ಕೂಲೆಂಟ್ ಕುದಿಯುವುದು ಅಪರೂಪವಾಯಿತು. ನಾನು ಅಲ್ಲಿಯತನಕ ಫ್ಯಾನ್ ಹಾಕುವ ಯೋಚನೆಯಲ್ಲೇ ಇದ್ದೆ. ಫ್ಯಾನಿಗೆ ಕರೆಂಟು ಬೇಕು, ಕರೆಂಟಿಗೆ ಅದನ್ನು ಹುಟ್ಟಿಸುವ ತಂತಿಸುರುಳಿ, ಅಂದರೆ ಸ್ಟೇಟರ್ ಬದಲಾಯಿಸಬೇಕು, ಯಾಕೆಂದರೆ ಈ ಬೈಕಿನ ಸ್ಟೇಟರ್ ಹುಟ್ಟಿಸುವುದು ಇಗ್ನಿಷನ್ನಿಗೂ ಫ್ಯುಯೆಲ್ ಇಂಜೆಕ್ಷನ್ನಿಗೂ ಸಾಲುವಷ್ಟು ಮಾತ್ರ. ಕುದಿಯುವ ರೋಗಕ್ಕೆ ಮದ್ದು ರೇಡಿಯೇಟರಿನಲ್ಲಿರದೆ ಸ್ಪ್ರಾಕೆಟ್ಟಿನಲ್ಲಿತ್ತು. ಆಮೇಲೆ ಹೆಚ್ಚಿನ ಒತ್ತಡ ತಡೆಯುವ ರೇಡಿಯೇಟರ್ ಕ್ಯಾಪು ಹಾಕಿ, ಉಕ್ಕಿ ಬಂದದ್ದನ್ನು ಹಿಡಿದಿಟ್ಟು ತಣ್ಣಗಾದಾಗ ವಾಪಸ್ಸು ಎಳೆದುಕೊಳ್ಳುವ ಒಂದು ಸಣ್ಣ ಬಾಟಲಿ ಕೂರಿಸಿದೆ. ಅಷ್ಟು ಸಾಕಾಯಿತು.

ಎರಡನೆಯದು ಫ್ಲೈವೀಲ್. ಟ್ರ್ಯಾಕಿನ ಬೈಕಿಗೆ ಹಗುರ ಫ್ಲೈವೀಲ್ ಇಡುವುದು ಥ್ರಾಟಲ್ ತಿರುವಿದ ಕೂಡಲೇ ಎಂಜಿನ್ ಮೇಲೇಳಲಿ ಅಂತ. ಹಾಗೆ ಬೇಗ ಏಳುವ ಎಂಜಿನ್ ಅಷ್ಟೇ ಬೇಗ ಸಾಯುತ್ತದೆ. ತೂಕ ಏರಿಸಿದರೆ ಎರಡೂ ನಿಧಾನವಾಗುತ್ತವೆ. ನಮ್ಮೂರಿನಲ್ಲಿ ಇಂಥ ಭಾಗ ಸಿಗುವುದಿಲ್ಲ, ಆದರೆ ಶಿವಮೊಗ್ಗದಲ್ಲಿ ಲೇತ್‌ಗಳಿಗೆ ಬರವಿಲ್ಲ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಎರಕವಾಗುವ ವಾಹನದ ಭಾಗಗಳು ಎಲ್ಲೆಲ್ಲಿಗೋ ಹೋಗುತ್ತವೆ. ಅಲ್ಲಿಗೆ ಹತ್ತಿರದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಭದ್ರಾವತಿ ಕಬ್ಬಿಣ ಕಾರ್ಖಾನೆಯಲ್ಲಿ ಟರ್ನರ್ ಆಗಿ ನಿವೃತ್ತರಾದ ಮೇಸ್ತ್ರಿಯೊಬ್ಬರು ಈಗಲೂ ಕೆಲಸ ಮಾಡುತ್ತಾರೆ. (1923ರಲ್ಲಿ ಶುರುವಾದ ಆ ಕಾರ್ಖಾನೆ ಮೊದಮೊದಲು ಕಬ್ಬಿಣ ಕರಗಿಸಿದ್ದು ಇದೇ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ನಮ್ಮ ಕಾಡಿಗೂ ಕಬ್ಬಿಣಕ್ಕೂ ಹಳೆಯ ನಂಟು.) ನಮ್ಮ ಬೈಕಿನಲ್ಲಿ ಫ್ಲೈವೀಲಿನ ಕೆಲಸ ಮಾಡುವ ರೋಟರ್ ಬಿಚ್ಚಿ ತೆಗೆದುಕೊಂಡು ಹೋಗಿ, ಇದರ ಸುತ್ತ ಒಂದು ಉಕ್ಕಿನ ಬಳೆ ವೆಲ್ಡ್ ಮಾಡಿಕೊಡಿ ಅಂದೆ.

ಅವರು ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಒಳಗೆ ಮ್ಯಾಗ್ನೆಟ್ ಇದೆ ಕಣಪ್ಪಾ. ವೆಲ್ಡಿಂಗ್ ಬಿಸಿ ತಾಗಿದ್ರೆ ಅದರ ಶಕ್ತಿ ಹೋಗುತ್ತೆ."

"ತಣ್ಣೀರಿನಲ್ಲಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಮಾಡಿದರೆ?"

"ಇದು ಎಷ್ಟು ಆರ್‌ಪಿಎಂ ತಿರುಗುತ್ತೆ?"

13,000ದ ಹತ್ತಿರ ಅಂದೆ. ಅವರು ರೋಟರನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟರು. "ನಾನು ಮಾಡಲ್ಲ. ಒಂದು ಗ್ರಾಂ ಆ ಕಡೆ ಈ ಕಡೆ ಆದ್ರೆ ಕ್ರ್ಯಾಂಕ್ ಬೇರಿಂಗ್ ಉಳಿಯಲ್ಲ, ಬಿಟ್ಟುಕೊಂಡು ಹಾರಿದ್ರೆ ನಿನ್ನ ಕಾಲು ಉಳಿಯಲ್ಲ. ಬ್ಯಾಲೆನ್ಸ್ ಮಾಡಿದ್ದು ತರಿಸ್ಕೊ. ತೂಕ ಒಳಗಡೆ ಇರೋದಲ್ಲ, ಹೊರಗಿನ ಸುತ್ತಲ್ಲಿ ಇರೋದು ತಗೋ. ಅಲ್ಲಿದ್ರೆ ಕಡಿಮೆ ತೂಕಕ್ಕೆ ಹೆಚ್ಚು ಕೆಲಸ ಆಗುತ್ತೆ."

ರೋಲಿಂಗ್ ಮಿಲ್ಲಿನ ಆಳೆತ್ತರದ ಫ್ಲೈವೀಲುಗಳನ್ನು ಕಂಡ ಮನುಷ್ಯ ನನ್ನ ಕೈಯಗಲದ ರೋಟರಿಗೆ ಕೊಟ್ಟ ಮರ್ಯಾದೆ ನನಗೆ ತುಂಬ ಹಿಡಿಸಿತು. ಮಾಡಲ್ಲ ಅನ್ನುವುದೂ ಕೆಲಸ ಬಲ್ಲವರ ಲಕ್ಷಣ. ಕೊನೆಗೆ ಹೊರಗಿನಿಂದ ಸಿದ್ಧ ತೂಕವನ್ನೇ ತರಿಸಿದೆ. ಎಂಜಿನ್ನಿನ ತಳಕ್ಕೆ ಹಾಕುವ ಸ್ಕಿಡ್ ಪ್ಲೇಟನ್ನು ಮಾತ್ರ ಮೇಸ್ತ್ರಿಯೇ ದಪ್ಪ ಅಲ್ಯೂಮಿನಿಯಂ ಹಾಳೆಯಲ್ಲಿ ಬಗ್ಗಿಸಿಕೊಟ್ಟರು. ಆಯಿಲ್ ಡ್ರೈನ್ ಬೋಲ್ಟಿಗೆ ತೂತು ಬಿಟ್ಟು, ಕೆಸರು ಕೂರದಂತೆ ಹಿಂದುಗಡೆ ಕಂಡಿ ಬಿಟ್ಟು, ಅಂಚನ್ನೆಲ್ಲ ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿದ್ದರು. ಜಂಬಿಟ್ಟಿಗೆಯ ಮೂಲೆಗಳ ಗುರುತೆಲ್ಲ ಈಗ ಆ ಹಾಳೆಯ ಮೇಲಿದೆ, ಎಂಜಿನ್ ಕೇಸಿನ ಮೇಲೆ ಒಂದೂ ಇಲ್ಲ.

ಒಂದು ಮಾತು ಹೇಳಬೇಕು. ಕಂಪನಿಗಳಿಗೂ ಈ ವಿಷಯ ಗೊತ್ತು. ಯಮಹಾದವರು ತಮ್ಮ ವೈಜೆಡ್250 ಮೋಟೋಕ್ರಾಸ್ ಬೈಕನ್ನೇ ಹಿಡಿದು 2016ರ ಮಾದರಿಯಾಗಿ ವೈಜೆಡ್250ಎಕ್ಸ್ ಅನ್ನುವುದನ್ನು ತಂದರು. ಗೇರುಗಳ ನಡುವೆ ಅಂತರ ಹೆಚ್ಚಿಸಿ, ಎಂಜಿನ್ನಿನ ಕಂಪ್ರೆಷನ್ ಇಳಿಸಿ, ಸಸ್ಪೆನ್ಶನ್ ಮೆದು ಮಾಡಿ, ಹಿಂದಿನ ಚಕ್ರ 19 ಇಂಚಿನಿಂದ 18ಕ್ಕೆ ಇಳಿಸಿ, ಸೈಡ್ ಸ್ಟ್ಯಾಂಡ್ ಕೊಟ್ಟರು. ನಾವು ಲೇತ್ ಅಂಗಡಿಯಲ್ಲಿ ಕೂತು ಮಾಡಿದ್ದನ್ನೇ ಅವರು ಕಾರ್ಖಾನೆಯಲ್ಲಿ ಮಾಡಿದ್ದಾರೆ. ಗೇರ್‌ಬಾಕ್ಸಿನ ಒಳಗಿನ ಅಂತರ ಬದಲಾಯಿಸುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ಸ್ಪ್ರಾಕೆಟ್ಟಿನಿಂದ ಎಲ್ಲ ಗೇರುಗಳನ್ನೂ ಒಟ್ಟಿಗೆ ಇಳಿಸಬಹುದು, ಒಂದರಿಂದ ಒಂದನ್ನು ದೂರ ಮಾಡಲಾಗದು.

ಚಕ್ರ ಕೆದರಿದ ಮಣ್ಣು

ಬೈಕಿನ ವಿಷಯ ಬರೆಯುವವರು ಸಾಮಾನ್ಯವಾಗಿ ಹಿಡಿತ ಅಂದರೆ ಸವಾರನ ಅನುಕೂಲ ಅಂತಲೇ ಬರೆಯುತ್ತಾರೆ. ಚಕ್ರ ಜಾರದಿದ್ದರೆ ನೀವು ಬೀಳುವುದಿಲ್ಲ, ಏರು ಹತ್ತುತ್ತೀರಿ. ಮಲೆನಾಡಿನಲ್ಲಿ ಅದಕ್ಕೆ ಇನ್ನೊಂದು ಮುಖವಿದೆ, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಏರುದಾರಿಯಲ್ಲಿ ಚಕ್ರ ಒಂದು ಕಡೆ ನಿಂತು ತಿರುಗಿದರೆ ಅಲ್ಲಿ ಗೇಣುದ್ದದ ಗೀರು ಬೀಳುತ್ತದೆ. ಮೇಲಿನ ದರಗು (ಉದುರಿದ ಒಣ ಎಲೆ), ಅದರಡಿಯ ಕಪ್ಪು ಮಣ್ಣು, ಅದನ್ನು ಹಿಡಿದಿದ್ದ ಸಣ್ಣ ಬೇರು, ಎಲ್ಲವೂ ಹಾರಿ ಕೆಂಪು ಮಣ್ಣು ಬೆತ್ತಲಾಗುತ್ತದೆ. ಬೇಸಗೆಯಲ್ಲಿ ಅದು ಏನೂ ಅಲ್ಲ ಅನ್ನಿಸಬಹುದು. ಆದರೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಗುಡ್ಡದ ಮೇಲಿಂದ ಇಳಿಯುವ ನೀರು ದಾರಿ ಹುಡುಕುತ್ತಿರುತ್ತದೆ, ಚಕ್ರದ ಗೀರು ಅದಕ್ಕೆ ಸಿದ್ಧವಾದ ದಾರಿ. ಆರಿದ್ರಾ ಮಳೆಗೆ ಗೀರು ಚರಂಡಿಯಾಗುತ್ತದೆ, ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಮೊಣಕಾಲುದ್ದದ ಕೊರಕಲು. ಆ ಮಣ್ಣು ಕೆಳಗೆ ಯಾರದೋ ತೋಟದ ಬಸಿಗಾಲುವೆಯಲ್ಲಿ ಹೋಗಿ ಕೂರುತ್ತದೆ. ಬಸಿಗಾಲುವೆ ಕಟ್ಟಿಕೊಂಡರೆ ಅಡಿಕೆ ಮರದ ಬುಡಕ್ಕೆ ನೀರು ನಿಲ್ಲುತ್ತದೆ. ಅದರ ಪರಿಣಾಮ ಏನು ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಹೀಗೆ ನೋಡಿದರೆ ಸ್ಪ್ರಾಕೆಟ್ಟಿನ ಒಂದು ಹಲ್ಲಿಗೂ ಕೆಳಗಿನ ತೋಟದ ಕಾಲುವೆಗೂ ನೇರ ಸಂಬಂಧವಿದೆ. ಗೇರು ಎತ್ತರವಿದ್ದರೆ ವೇಗ ಬೇಕು, ವೇಗಕ್ಕೆ ಥ್ರಾಟಲ್ ಬೇಕು, ಥ್ರಾಟಲ್ ಕೊಟ್ಟರೆ ಚಕ್ರ ಕೆದರುತ್ತದೆ. ಟೈರಿನ ಗಾಳಿಯದೂ ಅದೇ ಕಥೆ. ಟ್ರ್ಯಾಕಿನಲ್ಲಿ 12ರಿಂದ 14 ಪಿಎಸ್‌ಐ ಇಡುತ್ತಾರೆ. ನಾನು ದಪ್ಪ ಟ್ಯೂಬು ಮತ್ತು ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಹಾಕಿ 9ಕ್ಕೆ ಇಳಿಸಿದ್ದೇನೆ. ರಿಮ್ ಲಾಕ್ ಇಲ್ಲದೆ ಇಷ್ಟು ಇಳಿಸಿದರೆ ಟೈರು ರಿಮ್ಮಿನ ಮೇಲೆ ಸರಿದು ಟ್ಯೂಬಿನ ವಾಲ್ವ್ ಹರಿಯುತ್ತದೆ. ಗಾಳಿ ಕಡಿಮೆಯಾದಾಗ ಟೈರು ಬೇರನ್ನು ಅಪ್ಪಿಕೊಂಡು ದಾಟುತ್ತದೆ, ಗಟ್ಟಿ ಇದ್ದರೆ ಬೇರಿನ ಮೇಲಿಂದ ಪಕ್ಕಕ್ಕೆ ಸಿಡಿಯುತ್ತದೆ. ಹಿಂದಿನ ಚಕ್ರವನ್ನು 18 ಇಂಚು ಮಾಡಿಸಿದ್ದೂ ಇದಕ್ಕೇ. ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ರಿಮ್ ಸಣ್ಣದಾದಷ್ಟು ಟೈರಿನ ಗೋಡೆ ಎತ್ತರವಾಗುತ್ತದೆ, ಅಲ್ಲಿ ಬಾಗಲು ಜಾಗ ಸಿಗುತ್ತದೆ. 2019ರಲ್ಲಿ ಬಂದ, ರಸ್ತೆಗೂ ಕಚ್ಚಾದಾರಿಗೂ ಆಗುವ ಹೀರೋ ಎಕ್ಸ್‌ಪಲ್ಸ್ ಬೈಕಿಗೆ ಹಿಂದೆ 18 ಇಂಚಿನ ಚಕ್ರವೇ ಇರುವುದರಿಂದ ಈ ಅಳತೆಯ ಟೈರು ಹುಡುಕುವುದು ಈಗ ಕಷ್ಟವಲ್ಲ. 19ಕ್ಕಾದರೆ ರೇಸಿನವರನ್ನೇ ಕೇಳಬೇಕು.

ಸಸ್ಪೆನ್ಶನ್ ಬಗ್ಗೆ ಬಹಳ ಬರೆಯಬಹುದು, ಚಿಕ್ಕದಾಗಿ ಹೇಳುತ್ತೇನೆ. ಹಾರಿ ಬೀಳುವ ಪೆಟ್ಟನ್ನು ತಡೆಯಲೆಂದು ಕೂರಿಸಿದ ಡ್ಯಾಂಪಿಂಗ್ (ಸ್ಪ್ರಿಂಗಿನ ಓಟ ತಡೆಯುವ ವ್ಯವಸ್ಥೆ), ಮುಷ್ಟಿಗಾತ್ರದ ಕಲ್ಲಿಗೆ ಬಗ್ಗುವುದೇ ಇಲ್ಲ. ಮುಂದಿನ ಚಕ್ರ ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ, ಕೈ ಸೋಲುತ್ತದೆ. ಸಸ್ಪೆನ್ಶನ್ ಕುಗ್ಗುವುದನ್ನು ಬಿಗಿ-ಸಡಿಲ ಮಾಡುವ ತಿರುಪುಗಳನ್ನು, ಅಂದರೆ ಕಂಪ್ರೆಷನ್ ಕ್ಲಿಕ್ಕರುಗಳನ್ನು, ಸಡಿಲಿಸುತ್ತ ಹೋಗುವುದು ಖರ್ಚಿಲ್ಲದ ಮೊದಲ ಹೆಜ್ಜೆ. ನಂತರ ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್. ಸವಾರ ಕೂತಾಗ ಹಿಂಭಾಗ ನೂರು ಮಿಲಿಮೀಟರಿನ ಆಸುಪಾಸು ಕುಗ್ಗಬೇಕು, ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಟೇಪ್ ಹಿಡಿದು ಅಳೆಯಲು ಇನ್ನೊಬ್ಬರು ಬೇಕು, ನಮ್ಮಲ್ಲಿ ಆ ಕೆಲಸ ಭಾವನದು.

ಸದ್ದು

ಆ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಒಬ್ಬರು ಹಿರಿಯ ಗೌಡರ ತೋಟವಿದೆ. ಒಂದು ಮಧ್ಯಾಹ್ನ ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ದಣಪೆ ದಾಟಿ ಬಂದು ಅಂಗಳದಲ್ಲಿ ಕೂತರು. ಜಗಳಕ್ಕೆ ಬಂದವರಲ್ಲ. ಭಾವನ ಹತ್ತಿರ ಈ ಸಲದ ಅಡಿಕೆ ರೇಟು, ಮಂಗನ ಕಾಟ ಎಲ್ಲ ಮಾತಾಡಿ, ಕವಳ ಹಾಕಿ, ಆಮೇಲೆ ನನ್ನ ಕಡೆ ತಿರುಗಿದರು.

"ಗಾಡಿ ನಿಮ್ದಾ?"

ಹೌದು ಅಂದೆ.

"ಓಡ್ಸಿ, ಬೇಡ ಅನ್ನಲ್ಲ. ಆದ್ರೆ ಅದು ಕೂಗಿದ್ರೆ ನಮ್ಮ ಕೊಟ್ಟಿಗೇಲಿ ದನ ಎದ್ದು ನಿಲ್ತವೆ ಮಾರಾಯ್ರೆ. ಹೊಸದಾಗಿ ಕರ ಹಾಕಿದ್ದೊಂದಿದೆ, ಹಾಲೇ ಬಿಡದಿಲ್ಲ ಆವತ್ತು. ಗಾಡಿ ಬರ್ತಿದೆ ಅಂತ ದಾರೀಲಿ ಇರೋರಿಗೆ ಗೊತ್ತಾದ್ರೆ ಸಾಕಲ್ವಾ? ಮೂರು ಗುಡ್ಡದಾಚೆ ಇರೋರಿಗೆ ಯಾಕೆ?"

ಅವರು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಸೈಲೆನ್ಸರ್ ಬಿಚ್ಚಿದ್ದು. ಒಳಗಿನ ಗಾಜಿನ ನಾರಿನ ಪ್ಯಾಕಿಂಗ್ ಸುಟ್ಟು ಅರ್ಧಕ್ಕರ್ಧ ಉದುರಿಹೋಗಿತ್ತು. ಹೊಸದಾಗಿ ಒತ್ತಾಗಿ ತುಂಬಿಸಿ, ಬಾಯಿಗೆ ಕಿರಿದು ಮಾಡುವ ಒಂದು ಇನ್ಸರ್ಟ್ ಹಾಕಿದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಕಾಡುದಾರಿಯ ಬೈಕಿಗೆ 96 ಡೆಸಿಬಲ್ ಮಿತಿಯಿದೆ, ಸೈಲೆನ್ಸರಿನ ಬಾಯಿಂದ 20 ಇಂಚು ದೂರದಲ್ಲಿ ಮೀಟರ್ ಹಿಡಿದು ಅಳೆಯುತ್ತಾರೆ. ಮೂರು ಡೆಸಿಬಲ್ ಇಳಿದರೆ ಸದ್ದಿನ ಶಕ್ತಿ ಅರ್ಧವಾದಂತೆ, ಆದ್ದರಿಂದ ಸಣ್ಣ ಅಂಕಿಯಲ್ಲೇ ದೊಡ್ಡ ವ್ಯತ್ಯಾಸ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಶಕ್ತಿ ಹೋಯಿತು. ಕಾಡಿನಲ್ಲಿ ಆ ಆರ್‌ಪಿಎಂ ತಲುಪುವುದೇ ಇಲ್ಲ. ನನ್ನ ಅನುಭವದಲ್ಲಿ ಸದ್ದು ಇಳಿದ ಮೇಲೆ ಸವಾರಿಯೇ ಬದಲಾಯಿತು: ಹಿಂದಿನ ಟೈರು ಯಾವಾಗ ಹಿಡಿತ ಬಿಡುತ್ತಿದೆ, ಚೈನು ಎಲ್ಲಿ ತಾಗುತ್ತಿದೆ, ತಿರುವಿನಾಚೆ ಯಾರಾದರೂ ಕೆಮ್ಮಿದರೋ, ಎಲ್ಲ ಕೇಳಿಸುತ್ತದೆ. ಈ ದಾರಿಗಳಲ್ಲಿ ದರಗು ಗುಡಿಸಿ ಹೆಡಿಗೆ ಹೊತ್ತು ಬರುವ ಹೆಂಗಸರಿರುತ್ತಾರೆ, ಸೊಪ್ಪಿನ ಹೊರೆಯವರಿರುತ್ತಾರೆ, ಶಾಲೆ ಬಿಟ್ಟ ಮಕ್ಕಳಿರುತ್ತಾರೆ. ದಾರಿ ಮಾಡಿದವರು ಅವರು. ಯಾರಾದರೂ ಎದುರಾದರೆ ಎಂಜಿನ್ ಆಫ್ ಮಾಡಿ, ಬೈಕನ್ನು ದರೆಗೆ ಒತ್ತಿ ನಿಲ್ಲಿಸುವುದು ನಮ್ಮ ಕ್ರಮ.

ಸೈಲೆನ್ಸರ್ ಬಿಚ್ಚಿದಾಗಲೇ ಮಾಡಿದ ಇನ್ನೊಂದು ಕೆಲಸ ಕಿಡಿ ತಡೆಯುವ ಜಾಲರಿ. ಟ್ರ್ಯಾಕಿನ ಬೈಕಿಗೆ ಅದು ಬರುವುದಿಲ್ಲ. ಎಂಜಿನ್ನಿನಿಂದ ಬರುವ ಇಂಗಾಲದ ಕೆಂಡದ ಚೂರು ಹೊರಗೆ ಬೀಳದಂತೆ ಹಿಡಿಯುವ ಸಣ್ಣ ಜಾಲರಿ. ಅಮೆರಿಕದ ಅರಣ್ಯ ಇಲಾಖೆಯ ಮಾನದಂಡದಲ್ಲಿ ಇಂಚಿನ ಸಾವಿರ ಭಾಗಗಳಲ್ಲಿ 23 ಭಾಗಕ್ಕಿಂತ (0.023 ಇಂಚು), ಅಂದರೆ ಸುಮಾರು 0.6 ಮಿಲಿಮೀಟರಿಗಿಂತ ದೊಡ್ಡ ಚೂರನ್ನು ಅದು ತಡೆಯಬೇಕು. ಮಾಘ, ಫಾಲ್ಗುಣದ ಹೊತ್ತಿಗೆ ನಮ್ಮ ಗುಡ್ಡಗಳಲ್ಲಿ ಪಾದ ಮುಳುಗುವಷ್ಟು ಒಣ ಎಲೆ ಬಿದ್ದಿರುತ್ತದೆ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಎಳೆಯುವುದೂ ಅದೇ ಬೇಸಗೆಯ ಬೆಂಕಿಯ ಭಯಕ್ಕೆ. ಈ ಜಾಲರಿಯಿಲ್ಲದ ಬೈಕನ್ನು ಒಣ ಎಲೆಯ ಮೇಲೆ ಓಡಿಸುವುದು ನನ್ನ ಪ್ರಕಾರ ಯಾವ ಕಾರಣಕ್ಕೂ ಸಲ್ಲದು. ಎಷ್ಟೇ ಎಚ್ಚರದ ಸವಾರನಾದರೂ ಕಿಡಿ ಅವನ ಬೆನ್ನ ಹಿಂದೆ ಬೀಳುತ್ತದೆ.

ಎಲ್ಲಿ ಹೋಗಬಾರದು

"ಕೊಡಚಾದ್ರಿಗೆ ಹತ್ತಿಸಿ" ಅನ್ನುವ ಗೆಳೆಯರಿದ್ದಾರೆ. 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಜೀಪು ಹೋಗುವ ಕಚ್ಚಾದಾರಿ ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಅದು ಮೂಕಾಂಬಿಕಾ ವನ್ಯಜೀವಿಧಾಮ. ಶೆಟ್ಟಿಹಳ್ಳಿ, ಸೋಮೇಶ್ವರ, ಶರಾವತಿ ಕಣಿವೆ, ನಮ್ಮ ಸುತ್ತಲೂ ಇರುವ ದೊಡ್ಡ ಕಾಡುಗಳೆಲ್ಲ ಹೀಗೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ಚಕ್ರವಂತೂ ದೂರದ ಮಾತು. ಕಾನೂನು ಇಲ್ಲದಿದ್ದರೂ ನಾನು ಹೋಗುತ್ತಿರಲಿಲ್ಲ. ಇನ್ನು ಡಾಂಬರು ರಸ್ತೆ. ಮೋಟೋಕ್ರಾಸ್ ಬೈಕು ನಮ್ಮಲ್ಲಿ ನೋಂದಣಿಯಾಗುವುದಿಲ್ಲ, ನೋಂದಣಿಯಿಲ್ಲದ ಗಾಡಿಯನ್ನು 1988ರ ಮೋಟಾರು ವಾಹನ ಕಾಯ್ದೆ ಸಾರ್ವಜನಿಕ ರಸ್ತೆಗೆ ಬಿಡುವುದಿಲ್ಲ. ಲೈಟು, ಕನ್ನಡಿ, ಹಾರ್ನು ಎಲ್ಲ ಹಾಕಿದರೂ ಅದು ರಸ್ತೆಯ ಬೈಕಾಗುವುದಿಲ್ಲ. ಹಾಗಾಗಿ ಪಿಕಪ್ಪು. ಉಳಿಯುವುದು ಖಾಸಗಿ ಜಾಗ, ಅದೂ ಮಾಲೀಕರು ಒಪ್ಪಿದಷ್ಟು, ನೆರೆಯವರು ಸಹಿಸುವಷ್ಟು.

ಲೈಟು ಹಾಕಬೇಕೋ ಬೇಡವೋ ಅನ್ನುವುದು ನಮ್ಮಲ್ಲಿ ಬಹಳ ಚರ್ಚೆಯಾದ ವಿಷಯ. ಎಲ್‌ಇಡಿ ಬಂದ ಮೇಲೆ ಕಡಿಮೆ ಕರೆಂಟಿನಲ್ಲಿ ಒಳ್ಳೆಯ ಬೆಳಕು ಸಿಗುತ್ತದೆ, ಸಣ್ಣ ಲಿಥಿಯಂ ಬ್ಯಾಟರಿ ಸಾಕು. ನಾನು ಬೇಡ ಅಂದೆ. ಲೈಟಿದ್ದರೆ ಕತ್ತಲಾದ ಮೇಲೂ ಇನ್ನೊಂದು ಸುತ್ತು ಹೋಗೋಣ ಅನ್ನಿಸುತ್ತದೆ. ಸಂಜೆಯಾದರೆ ಆ ಗುಡ್ಡಕ್ಕೆ ಕಾಟಿ, ಕಡವೆ ಇಳಿಯುತ್ತವೆ. ಹಗಲಿಡೀ ನಾವು ಬಳಸಿದ ದಾರಿ ರಾತ್ರಿಗಾದರೂ ಅವುಗಳದಾಗಿರಲಿ. ಬಿಸಿಲು ಗುಡ್ಡದ ತಲೆ ಬಿಟ್ಟ ಕೂಡಲೇ ಬೈಕು ಕೊಟ್ಟಿಗೆ ಸೇರಬೇಕು.

ಉಣುಗಿನ ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ಬೈಕು ಓಡಿಸಲು ಅನುಕೂಲವಾದ ಒಣ ತಿಂಗಳುಗಳೂ ಮಂಗನ ಕಾಯಿಲೆಯ ತಿಂಗಳುಗಳೂ ಒಂದೇ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಈ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಇಲ್ಲಿ ಯಾರೂ ಮರೆತಿಲ್ಲ. ವೈರಸ್ಸನ್ನು ಹರಡುವ ಉಣುಗು ಇರುವುದು ಇದೇ ದರಗಿನಲ್ಲಿ, ಕುರುಚಲು ಗಿಡಗಳಲ್ಲಿ. ಮೋಟೋಕ್ರಾಸ್ ಬೂಟು ಮೊಣಕಾಲಿನತನಕ ಬರುವುದು ಒಂದು ಅನುಕೂಲ. ಆದರೂ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ, ವಾಪಸ್ಸು ಬಂದ ಮೇಲೆ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ ಸ್ನಾನ ಮಾಡಿಯೇ ಒಳಗೆ ಹೋಗುವುದು. ಮಂಗ ಸತ್ತ ಸುದ್ದಿ ಬಂದರೆ ಆ ಕಡೆಯ ಸವಾರಿ ಆ ವರ್ಷಕ್ಕೆ ಬಂದ್.

ಇಷ್ಟೆಲ್ಲ ಓದಿ ಯಾರಾದರೂ, ನಾನೂ ಒಂದು ಹಳೆಯ ಮೋಟೋಕ್ರಾಸ್ ಬೈಕು ತಂದು ಹೀಗೆ ಮಾಡಲಾ ಅಂತ ಕೇಳಿದರೆ ನಾನು ಮೊದಲು ಅವರ ಜಾಗದ ಬಗ್ಗೆ ಕೇಳುತ್ತೇನೆ. ಮನೆಯಿಂದ ತೋಟಕ್ಕೆ ರಸ್ತೆಯಲ್ಲೇ ಹೋಗಿ, ಅಲ್ಲಿಂದ ಗುಡ್ಡ ಹತ್ತಬೇಕು ಅನ್ನುವವರಿಗೆ ಎಕ್ಸ್‌ಪಲ್ಸಿನಂಥ ನೋಂದಣಿಯಾದ ಗಾಡಿಯೇ ಸರಿ. ಭಾರ ಹೆಚ್ಚು, ಆದರೆ ಸ್ಟ್ಯಾಂಡಿದೆ, ಸದ್ದಿಲ್ಲ, ಮೂರು ನಾಲ್ಕು ಸಾವಿರ ಕಿಲೋಮೀಟರಿಗೊಮ್ಮೆ ಸರ್ವಿಸ್ ಆದರೆ ಸಾಕು. ಮೋಟೋಕ್ರಾಸ್ ಎಂಜಿನ್ನಿಗೆ ಲೆಕ್ಕ ಕಿಲೋಮೀಟರಲ್ಲ, ಜೆಸಿಬಿಗೆ ಇದ್ದಂತೆ ಗಂಟೆಯದು. ಒಳಗಿರುವುದು ಲೀಟರಿನಷ್ಟು ಆಯಿಲ್, ಅದನ್ನು ಕೆಲವೇ ಗಂಟೆಗಳಿಗೊಮ್ಮೆ ಬದಲಾಯಿಸಬೇಕು, ಏರ್ ಫಿಲ್ಟರನ್ನು ಪ್ರತಿ ಸವಾರಿಯ ನಂತರ ತೊಳೆದು ಎಣ್ಣೆ ಹಚ್ಚಬೇಕು. ಸ್ವಂತ ಜಾಗವಿದ್ದು, ಕೈಗೆ ಎಣ್ಣೆ ಮೆತ್ತಿಕೊಳ್ಳುವ ಇಷ್ಟವಿದ್ದು, ಮಾಡಲ್ಲ ಅನ್ನುವ ಧೈರ್ಯವಿರುವ ಒಬ್ಬ ಮೇಸ್ತ್ರಿಯ ಪರಿಚಯವಿದ್ದರೆ ಖಂಡಿತ ಮಾಡಿ. ಸೈಲೆನ್ಸರಿನಿಂದ ಶುರುಮಾಡಿ, ಆಮೇಲೆ ಸ್ಪ್ರಾಕೆಟ್, ಟೈರು, ಸ್ಕಿಡ್ ಪ್ಲೇಟ್. ಫ್ಲೈವೀಲ್, ಸ್ಪ್ರಿಂಗುಗಳು ದುಡ್ಡು ಕೂಡಿದ ಮೇಲೆ. ಹ್ಯಾಂಡಲಿಗೆ ಗಟ್ಟಿ ಕೈಗಾರ್ಡ್ ಹಾಕುವುದನ್ನು ಮಾತ್ರ ತಡಮಾಡಬೇಡಿ, ಮರದ ಕಾಂಡಕ್ಕೂ ಕ್ಲಚ್ ಲಿವರಿಗೂ ನಡುವೆ ಇರುವುದು ನಿಮ್ಮ ಬೆರಳು.

ಜೂನಿನಿಂದ ಸೆಪ್ಟೆಂಬರಿನತನಕ ನಾವು ಗುಡ್ಡಕ್ಕೆ ಚಕ್ರ ಹಾಕುವುದಿಲ್ಲ. ಮಣ್ಣು ಮೆತ್ತಗಿರುತ್ತದೆ, ಕಾರಣ ಮೇಲೆ ಬರೆದಿದ್ದೇನೆ. ಆ ತಿಂಗಳುಗಳು ಬಿಚ್ಚುವ ಕೆಲಸಕ್ಕೆ. ಈ ಮಳೆಗಾಲ ಹಿಂದಿನ ಸಸ್ಪೆನ್ಶನ್ನಿನ ಕೀಲುಗಳ, ಅಂದರೆ ಲಿಂಕೇಜಿನ, ಬೇರಿಂಗುಗಳನ್ನೆಲ್ಲ ಹೊರಗೆ ತೆಗೆದು ಕೆಸರು ತೊಳೆದು ಹೊಸ ಗ್ರೀಸ್ ತುಂಬಬೇಕು, ಫೋರ್ಕಿನ ಆಯಿಲ್ ಸೀಲ್ ಬದಲಾಯಿಸಬೇಕು, ಹಿಂದಿನ ಶಾಕಿಗೆ ಇನ್ನೂ ಒಂದು ಹಂತ ಮೆದುವಾದ ಸ್ಪ್ರಿಂಗ್ ತರಿಸಬೇಕು. ದೀಪಾವಳಿಯ ಹೊತ್ತಿಗೆ ಮಣ್ಣು ಬಿಗಿಯುತ್ತದೆ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಗಡಿಬಿಡಿಯಲ್ಲಿ ಭಾವ ಸಿಗುವುದು ಕಷ್ಟ, ಅಷ್ಟರೊಳಗೆ ಅವರನ್ನು ಹಿಡಿದು ಟೇಪ್ ಕೈಗೆ ಕೊಟ್ಟು ಸ್ಯಾಗ್ ಅಳೆಸಿಕೊಳ್ಳಬೇಕು.